ಬ್ಲ್ಯಾಕ್ ಮಾಸ್: ಎಸೆದ ವೇಪ್‌ನ ಬ್ಯಾಟರಿಯಲ್ಲಿ ಅಡಗಿರುವ ಅದಿರು

ಹಳೆಯ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡುತ್ತಾರೆ. ಉಕ್ಕನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ, ಪ್ಲಾಸ್ಟಿಕ್ಕು ಬೇರೆಯಾಗುತ್ತವೆ. ಕೊನೆಗೆ ಜರಡಿಯ ಕೆಳಗೆ ಬೀಳುವ ನುಣ್ಣನೆಯ ಕರಿ ಪುಡಿಯೇ ಬ್ಲ್ಯಾಕ್ ಮಾಸ್. ಅದಕ್ಕೆ ಕಪ್ಪು ಬಣ್ಣ ಬರುವುದು ಮುಖ್ಯವಾಗಿ ಗ್ರಾಫೈಟ್‌ನಿಂದ, ಬೆಲೆ ಬರುವುದು ಅದರೊಳಗೆ ಬೆರೆತಿರುವ ಕೋಬಾಲ್ಟ್, ನಿಕ್ಕಲ್, ಲಿಥಿಯಂ, ಮ್ಯಾಂಗನೀಸ್‌ಗಳಿಂದ.

ಚಿತ್ರದುರ್ಗದವರಿಗೆ ಇದನ್ನು ಹೇಳುವುದು ಸುಲಭ. ಇಂಗಳದಾಳಿನ ತಾಮ್ರದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಬಂಡೆಯನ್ನು ಒಡೆದು, ಅರೆದು, ತಾಮ್ರದ ಅಂಶ ಹೆಚ್ಚಿರುವ ಪುಡಿಯನ್ನಷ್ಟೇ ಮುಂದಕ್ಕೆ ಕಳಿಸುತ್ತಿದ್ದರು. ಬ್ಲ್ಯಾಕ್ ಮಾಸ್ ಸಹ ಹಾಗೆ ಅರೆದು ಆರಿಸಿದ ಅದಿರೇ. ಆದರೆ ಸತ್ವ ಹೆಚ್ಚು. ತಾಮ್ರದ ಅದಿರಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು ಲೋಹವಿದ್ದರೆ, ಮೊಬೈಲ್ ಬ್ಯಾಟರಿಗಳಿಂದ ಬಂದ ಬ್ಲ್ಯಾಕ್ ಮಾಸ್‌ನಲ್ಲಿ ಕೋಬಾಲ್ಟ್ ಒಂದೇ ನೂರಕ್ಕೆ ಹತ್ತನ್ನು ದಾಟುವುದುಂಟು. ಈ ಪುಡಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ ಲೋಹಗಳನ್ನು ಒಂದೊಂದಾಗಿ ಹೊರತೆಗೆಯುತ್ತಾರೆ. ಲಿಥಿಯಂ ಸಾಮಾನ್ಯವಾಗಿ ಕೊನೆಗೆ ಕಾರ್ಬೊನೇಟ್ ರೂಪದಲ್ಲಿ ಸಿಗುತ್ತದೆ. ಕುಲುಮೆಯಲ್ಲಿ ಕರಗಿಸುವ ಇನ್ನೊಂದು ದಾರಿಯೂ ಇದೆ. ಅಲ್ಲಿ ಕೋಬಾಲ್ಟ್, ನಿಕ್ಕಲ್ ಕೈಗೆ ಬರುತ್ತವೆ, ಲಿಥಿಯಂ ಹೆಚ್ಚಾಗಿ ಕಿಟ್ಟದ ಪಾಲಾಗುತ್ತದೆ.

ಇನ್ನು ಬಳಸಿ ಎಸೆಯುವ ವೇಪ್, ಅಂದರೆ ನಿಕೋಟಿನ್ ದ್ರವವನ್ನು ಕಾಯಿಸಿ ಆವಿಯಾಗಿ ಸೇದುವ ಇ-ಸಿಗರೇಟ್. ಪೆನ್ನಿನಷ್ಟೋ ಬೆಂಕಿಪೊಟ್ಟಣದಷ್ಟೋ ಇರುವ ಅದರೊಳಗೆ ನಿಕೋಟಿನ್ ದ್ರವದಲ್ಲಿ ನೆನೆದ ಹತ್ತಿ, ಕಾಯುವ ತಂತಿಸುರುಳಿ, ಉಸಿರೆಳೆದದ್ದನ್ನು ಗುರುತಿಸುವ ಸಣ್ಣ ಸೆನ್ಸರ್ ಮತ್ತು ಒಂದು ಲಿಥಿಯಂ-ಅಯಾನ್ ಸೆಲ್ ಇರುತ್ತವೆ. ಸಿಟ್ಟು ಬರುವುದು ಈ ಸೆಲ್ಲಿನ ವಿಷಯಕ್ಕೇ. ಗೋಡೆ ಗಡಿಯಾರಕ್ಕೆ ಹಾಕುವ, ಖಾಲಿಯಾದರೆ ಮುಗಿದೇ ಹೋಗುವ ಸೆಲ್ ಇದಲ್ಲ. ಮತ್ತೆ ಮತ್ತೆ ಚಾರ್ಜ್ ಆಗಬಲ್ಲ ಜಾತಿಯದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಇಂಥ ಸೆಲ್‌ಗಳನ್ನು ಬಿಚ್ಚಿ ಪರೀಕ್ಷಿಸಿ, 450ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದೆಂದು 2023ರಲ್ಲಿ ತೋರಿಸಿದರು. ನೂರಾರು ಸಲ ದುಡಿಯಬಲ್ಲದ್ದನ್ನು ಒಂದೇ ಸಲ ದುಡಿಸಿ ಬಿಸಾಡುವ ವ್ಯಾಪಾರ ಇದು.

ಒಂದು ವೇಪ್‌ನಲ್ಲಿರುವ ಲಿಥಿಯಂ ಸುಮಾರು 0.15 ಗ್ರಾಂ. ಇಷ್ಟಕ್ಕೆ ಇಷ್ಟೆಲ್ಲ ಮಾತೇ ಎನ್ನಬಹುದು. ಆದರೆ ಬ್ರಿಟನ್ನಿನಲ್ಲಿ 2023ರ ಹೊತ್ತಿಗೆ ವಾರಕ್ಕೆ ಸುಮಾರು 50 ಲಕ್ಷ ವೇಪ್ ಕಸಕ್ಕೆ ಬೀಳುತ್ತಿದ್ದವು. ಅಲ್ಲಿಗೆ ವಾರವೊಂದರಲ್ಲೇ ಏಳೂವರೆ ಕ್ವಿಂಟಲ್ ಲಿಥಿಯಂ ಹೋದಂತಾಯಿತು. ಕೊನೆಗೆ 2025ರ ಜೂನ್ 1ರಿಂದ ಅಲ್ಲಿ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನೇ ನಿಲ್ಲಿಸಿದರು. ಬೆಲ್ಜಿಯಂ ಅದೇ ವರ್ಷದ ಜನವರಿಯಲ್ಲೇ ನಿಲ್ಲಿಸಿತ್ತು.

ನಮ್ಮಲ್ಲಿ ನಿಷೇಧ ಹಳೆಯದು. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟಕ್ಕೆ ತಡೆ ಹಾಕಿತು. 2019ರ ಕೇಂದ್ರ ಕಾಯ್ದೆ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದ ಮಾರಾಟಗಾರನಿಗೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಿದ್ದೂ ಮಾಲು ಕದ್ದುಮುಚ್ಚಿ ದೇಶದೊಳಕ್ಕೆ ಬರುತ್ತಲೇ ಇದೆ.

ನಿಜವಾದ ತೊಡಕು ಶುರುವಾಗುವುದು ಇಲ್ಲಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟವರೇ ಅದರ ಸಂಗ್ರಹ, ಮರುಬಳಕೆಯ ಹೊಣೆ ಹೊರಬೇಕು. ಅದನ್ನು ಹೂಳುವಂತಿಲ್ಲ, ಸುಡುವಂತಿಲ್ಲ. ಕಂಪನಿ ನೋಂದಣಿ ಮಾಡಿಸಬೇಕು, ಲೆಕ್ಕ ಒಪ್ಪಿಸಬೇಕು. ಕಳ್ಳಮಾಲಿಗೆ ಈ ಹೊಣೆ ಹೊರುವವರು ಯಾರು? ತಂದವನು ನೋಂದಣಿ ಮಾಡಿಸುವುದಿಲ್ಲ, ಮಾರಿದವನು ಹಳೆಯದನ್ನು ವಾಪಸ್ ಪಡೆಯುವುದಿಲ್ಲ, ಸೇದಿದವನು ಸಂಗ್ರಹ ಕೇಂದ್ರಕ್ಕೆ ಹೋಗಿ ‘ತಗೊಳ್ಳಿ’ ಎನ್ನಲು ಹೆದರುತ್ತಾನೆ. ನಿಷೇಧ ತಪ್ಪು ಎಂದು ನಾನು ಹೇಳುತ್ತಿಲ್ಲ. ಹದಿಹರೆಯದವರ ಕೈಗೆ ನಿಕೋಟಿನ್ ಸಿಗದಂತೆ ತಡೆಯುವುದು ಸರಿಯೇ. ಆದರೆ ಮಾಲನ್ನು ಕಾನೂನಿನಿಂದ ಆಚೆ ಇಟ್ಟಾಗ ಅದರ ಕಸವೂ ಆಚೆಯೇ ಉಳಿಯಿತು.

ಗುಜರಿಯಾದರೂ ಕೈ ಹಿಡಿಯಬಹುದಿತ್ತು. ದಾವಣಗೆರೆಯ ಯಾವ ಗುಜರಿ ಅಂಗಡಿಗೇ ಹೋಗಿ, ಲಾರಿಯ ಹಳೆಯ ಬ್ಯಾಟರಿಗೆ ಬೆಲೆ ಇದ್ದೇ ಇದೆ. ಸೀಸ ಭಾರದ ಲೋಹ, ತೂಕಕ್ಕೆ ಹಾಕಿದರೆ ಕಾಸು. ಹಾಗಾಗಿ ಯಾರೂ ಅದನ್ನು ತಿಪ್ಪೆಗೆ ಎಸೆಯುವುದಿಲ್ಲ (ಆ ಸೀಸವನ್ನು ಕರಗಿಸುವ ರೀತಿ ಬೇರೆಯೇ ತಲೆನೋವು). ಬೆರಳುದ್ದದ ವೇಪ್ ಸೆಲ್ ತೂಗಿದರೆ ಹತ್ತು-ಹನ್ನೆರಡು ಗ್ರಾಂ. ಬಿಚ್ಚುವ ಕೂಲಿಯೂ ಹುಟ್ಟುವುದಿಲ್ಲ, ಬಿಚ್ಚುವಾಗ ನಿಕೋಟಿನ್ ಕೈಗೆ ಮೆತ್ತುತ್ತದೆ. ಚರ್ಮದ ಮೂಲಕವೂ ಅದು ಮೈಸೇರುವ ವಿಷ.

ಹೀಗೆ ಯಾರಿಗೂ ಬೇಡವಾದ ಸೆಲ್ ಕಸದ ಗಾಡಿ ಸೇರುತ್ತದೆ. ಅದರೊಳಗಿನ ಎರಡು ಧ್ರುವಗಳ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಪೊರೆ. ಕಸ ಒತ್ತುವ ಯಂತ್ರದಡಿ ಸಿಕ್ಕಿ ಪೊರೆ ಹರಿದರೆ ಒಳಗೇ ಶಾರ್ಟ್ ಆಗಿ, ಕಾವು ಕಾವನ್ನು ಹೆಚ್ಚಿಸುತ್ತಾ ದ್ರಾವಣ ಹೊತ್ತಿಕೊಳ್ಳುತ್ತದೆ. ಆ ದ್ರಾವಣದ ಲವಣ ನೀರು ಸೋಕಿದರೆ ಹೈಡ್ರೋಫ್ಲೋರಿಕ್ ಆಮ್ಲ ಬಿಡುತ್ತದೆ. ಮರುಬಳಕೆ ಘಟಕಗಳಲ್ಲಿ ಸೆಲ್‌ನ ಚಾರ್ಜನ್ನು ಮೊದಲು ಪೂರ್ತಿ ಇಳಿಸುವುದು, ಹಲವು ಕಡೆ ನೈಟ್ರೋಜನ್ ತುಂಬಿದ ಕೋಣೆಯಲ್ಲೇ ಚೂರು ಮಾಡುವುದು ಇದೇ ಕಾರಣಕ್ಕೆ. ಬೀದಿಬದಿಯಲ್ಲಿ ಸುತ್ತಿಗೆ ಹಿಡಿದು ಮಾಡುವ ಕೆಲಸ ಇದಲ್ಲ.

ಎಲ್ಲ ಬ್ಲ್ಯಾಕ್ ಮಾಸ್‌ಗೂ ಒಂದೇ ಬೆಲೆ ಇಲ್ಲ ಎಂಬುದನ್ನೂ ಸೇರಿಸಬೇಕು. ಇ-ಸ್ಕೂಟರ್‌ಗಳಲ್ಲೂ ಈಗ ಕಾಣುವ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗಳಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಅವುಗಳ ಪುಡಿ ಅಗ್ಗ. ಪುಟ್ಟ ಸೆಲ್‌ಗಳಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಇರುವುದರಿಂದ ಗಾತ್ರದಲ್ಲಿ ಚಿಕ್ಕವಾದರೂ ಸತ್ವದಲ್ಲಿ ದೊಡ್ಡವು.

ವೇಪ್ ಕಂಡೇ ಇರದ ಮನೆಯಲ್ಲೂ ಅದೇ ಕುಲದ ಸೆಲ್ ಇದ್ದೇ ಇರುತ್ತದೆ: ಬ್ಲೂಟೂತ್ ಇಯರ್‌ಫೋನ್, ಟ್ರಿಮ್ಮರ್, ಪವರ್ ಬ್ಯಾಂಕ್, ಮಕ್ಕಳ ಆಟಿಕೆ. ಕೆಟ್ಟರೆ ಚುಚ್ಚಬೇಡಿ, ಒಲೆಗೆ ಹಾಕಬೇಡಿ, ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸಬೇಡಿ. ಸೆಲ್ ಹೊರಗೆ ಕಾಣುವಂತಿದ್ದರೆ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಮರಳು ಹಾಕಿದ ಡಬ್ಬಿಯಲ್ಲಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ. ಉಬ್ಬಿದ್ದರೆ ಮನೆಯೊಳಗೆ ಇಡಲೇಬೇಡಿ.