1965ರ ವಲಸೆ ಕಾನೂನು: ನಮಗೆ ಅನುಕೂಲ, ಮೆಕ್ಸಿಕೋಗೆ ಯಾಕೆ ಉಲ್ಟಾ?

ಅಮೆರಿಕದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರ) ಚರಿತ್ರೆಯಲ್ಲಿ ಮೊದಲು ಬರುವುದು 1848. ಯುದ್ಧದಲ್ಲಿ ಸೋತ ಮೆಕ್ಸಿಕೋ ತನ್ನ ಉತ್ತರದ ನೆಲವನ್ನು ಬಿಟ್ಟುಕೊಟ್ಟಿತು. ಅಲ್ಲಿನ ಜನ ಇದ್ದ ಊರಲ್ಲೇ ಇದ್ದರು, ದೇಶ ಬದಲಾಯಿತು. ಅಮೆರಿಕದ ಆಳ್ವಿಕೆಯಲ್ಲಿದ್ದ ಪೋರ್ಟೊರಿಕೋ ದ್ವೀಪದವರಿಗೆ 1917ರಲ್ಲೇ ಅಮೆರಿಕದ ಪೌರತ್ವ ಸಿಕ್ಕಿತು, ನ್ಯೂಯಾರ್ಕಿಗೆ ಬರಲು ವೀಸಾ ಬೇಕಿಲ್ಲ. ಇವೆರಡೂ ಸುಲಭ.

ತಲೆ ತಿನ್ನುವುದು 1965. ಹಳೆಯ ದೇಶವಾರು ವಲಸೆ ಕೋಟಾದಲ್ಲಿ ಭಾರತಕ್ಕೆ ವರ್ಷಕ್ಕೆ ಬರೀ 100 ಜಾಗ. 1965ರ ಕಾನೂನಿನಿಂದ ಅದು ಹೋದ ಮೇಲೆ ನಮ್ಮ ಡಾಕ್ಟರು, ಎಂಜಿನಿಯರುಗಳು ಹೊರಟರು. ಅಲ್ಲಿನ ಕನ್ನಡ ಕೂಟಗಳು ಬೆಳೆದದ್ದೂ ಆಮೇಲೆಯೇ. ಅದೇ ಕಾನೂನು ಮೆಕ್ಸಿಕನ್ನರಿಗೂ ಒಳ್ಳೆಯದು ಮಾಡಿರಬೇಕು, ಅಲ್ವಾ? ಇಲ್ಲ.

ನಿಧಾನವಾಗಿ ಬಿಡಿಸೋಣ. 1924ರ ದೇಶವಾರು ಕೋಟಾ ಮೆಕ್ಸಿಕೋಗೆ ಅನ್ವಯಿಸುತ್ತಲೇ ಇರಲಿಲ್ಲ. ಉತ್ತರ, ದಕ್ಷಿಣ ಅಮೆರಿಕದ ಸ್ವತಂತ್ರ ದೇಶಗಳಿಗೆಲ್ಲ ವಿನಾಯಿತಿ ಇತ್ತು. ಶುಲ್ಕ, ತಪಾಸಣೆ ಇದ್ದವು, ಆದರೆ ಇಷ್ಟೇ ಜನ ಅನ್ನುವ ಮಿತಿ ಇರಲಿಲ್ಲ. ಇಲ್ಲದ ಕೋಟಾ ತೆಗೆದರೆ ಲಾಭವೇನು? ಮೇಲಾಗಿ 1965ರ ಕಾನೂನು ಈ ದೇಶಗಳಿಗೆಲ್ಲ ಸೇರಿಸಿ ವರ್ಷಕ್ಕೆ 1,20,000 ಅಂತ ಮಿತಿ ಹಾಕಿತು. ಜಾರಿ 1968ರಿಂದ. 1976ರಲ್ಲಿ ಒಂದೊಂದು ದೇಶಕ್ಕೆ 20,000. ಪಕ್ಕದ ದೊಡ್ಡ ಮೆಕ್ಸಿಕೋಗೂ ಅಷ್ಟೇ, ದೂರದ ಪುಟ್ಟ ಉರುಗ್ವೆಗೂ ಅಷ್ಟೇ! (ಅಮೆರಿಕದ ಪೌರರ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಈ ಲೆಕ್ಕದ ಹೊರಗೆ.)

ಇದರ ಪಕ್ಕದಲ್ಲೇ ಬ್ರಸೇರೋ ಯೋಜನೆ ಓದಿ. 1942ರಿಂದ 1964ರವರೆಗೆ ಮೆಕ್ಸಿಕೋದ ಕೂಲಿಗಳನ್ನು ಗುತ್ತಿಗೆ ಮೇಲೆ ಕರೆಸುತ್ತಿದ್ದರು. ಒಟ್ಟು ಸುಮಾರು 46 ಲಕ್ಷ ಗುತ್ತಿಗೆಗಳು. ಅಷ್ಟು ಜನ ಅಂತ ಬರೆಯಬೇಡಿ, ಒಬ್ಬನೇ ಹಲವು ಸಲ ಬರುತ್ತಿದ್ದ. ಯೋಜನೆ ನಿಂತಿತು, ಕೊಯ್ಲು ನಿಲ್ಲಲಿಲ್ಲ. ಅದೇ ಹೊಲಕ್ಕೆ ಅದೇ ಜನ ಬಂದರು, ಕೈಯಲ್ಲಿ ಕಾಗದ ಮಾತ್ರ ಇಲ್ಲ. 'ಅಕ್ರಮ ವಲಸೆ ಏರಲು ಬಡತನ ಕಾರಣ' ಅಂತ ಸುಮ್ನೆ ಬರೆದರೆ ಅರ್ಧ ಉತ್ತರವಷ್ಟೇ.

ನಾನು ಬಾಯಿಪಾಠ ಮಾಡಿಕೊಂಡದ್ದು: 64 ಗುತ್ತಿಗೆ ಬಂದ್, 65 ಕಾನೂನು, 68 ಮಿತಿ, 76 ದೇಶವಾರು ಮಿತಿ, 86 ಕಾಗದವಿಲ್ಲದವರ ಸಕ್ರಮ (ಸುಮಾರು 27 ಲಕ್ಷ ಜನ).

ಇನ್ನು ಲ್ಯಾಟಿನೋಗಳು ಸಮುದಾಯ ಕಟ್ಟಿಕೊಂಡ ಬಗೆ, ಚುಟುಕಾಗಿ. ಮೊದಲು ಮುತುವಲಿಸ್ತಾ ಸಂಘಗಳು: ಸದಸ್ಯರು ಚಂದಾ ಹಾಕುವುದು, ಕಾಯಿಲೆಗೆ, ಸಾವಿನ ಖರ್ಚಿಗೆ ಅದರಿಂದಲೇ ಕೊಡುವುದು. ಅಂಥ ದೊಡ್ಡ ಸಂಘವೊಂದು 1894ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಹುಟ್ಟಿತು. 1929ರಲ್ಲಿ ಟೆಕ್ಸಾಸ್‌ನಲ್ಲಿ ಲುಲಾಕ್ (LULAC) ಎಂಬ ಸಂಘಟನೆ, ನಾಗರಿಕ ಹಕ್ಕುಗಳಿಗಾಗಿ. ಆಮೇಲೆ 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ದ್ರಾಕ್ಷಿ ತೋಟದ ಕೂಲಿಗಳ ಮುಷ್ಕರ. ಶುರು ಮಾಡಿದವರು ಫಿಲಿಪಿನೋ ಕೂಲಿಗಳು, ಸೀಸರ್ ಚಾವೆಸ್ ಮತ್ತು ಡೊಲೊರೆಸ್ ಹುಯೆರ್ಟಾ ಅವರ ಸಂಘ ಬೇಗನೆ ಜೊತೆಗೂಡಿತು. ಇಲ್ಲೂ 64 ಕೆಲಸಕ್ಕೆ ಬರುತ್ತದೆ: ಮುಷ್ಕರ ಮುರಿಯಲು ಗುತ್ತಿಗೆ ಕೂಲಿಗಳನ್ನು ಕರೆಸುವ ಹಳೆಯ ದಾರಿ ಮಾಲೀಕರಿಗೆ ಆಗ ಇರಲಿಲ್ಲ. 1970ರಲ್ಲಿ ಅವರು ಒಪ್ಪಂದಕ್ಕೆ ಸಹಿ ಹಾಕಿದರು.