ಮೀರ್‌ಪುರ ಬ್ರಾಡ್‌ಫರ್ಡ್‌ಗೆ ಬಂದದ್ದು ಹೇಗೆ?

ಇಂಗ್ಲೆಂಡಿನ ಉತ್ತರ ಭಾಗದಲ್ಲಿರುವ ಬ್ರಾಡ್‌ಫರ್ಡ್‌ನಲ್ಲಿ ಇವತ್ತು ಹತ್ತು ಜನರಲ್ಲಿ ಮೂವರು ಮುಸ್ಲಿಮರು. ಇದು 2021ರ ಜನಗಣತಿಯ ಲೆಕ್ಕ. ಇವರಲ್ಲಿ ಹೆಚ್ಚಿನವರ ಮೂಲ ಊರು ಯಾವುದು ಅಂತ ಕೇಳಿದರೆ ಕರಾಚಿ, ಲಾಹೋರ್ ಅನ್ನುವುದಿಲ್ಲ. ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರ ಅನ್ನುತ್ತಾರೆ. ಬ್ರಿಟನ್ನಿನ ಪಾಕಿಸ್ತಾನಿ ಮೂಲದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆ ಒಂದೇ ಸೀಮೆಯವರು ಎಂಬ ಅಂದಾಜಿದೆ. ಸುಮಾರು ಆರು ಸಾವಿರ ಕಿಲೋಮೀಟರ್ ದಾಟಿ ಬಂದ ಇವರು ದುಡಿದು ವಾಪಸ್ ಹೋಗುವ ಲೆಕ್ಕದಲ್ಲೇ ಬಂದಿದ್ದರು. ಉಳಿದುಬಿಟ್ಟದ್ದಕ್ಕೆ ದೊಡ್ಡ ಕಾರಣ, ಇವರನ್ನು ತಡೆಯಲೆಂದೇ ಬ್ರಿಟನ್ ತಂದ ಒಂದು ಕಾನೂನು.

ಬ್ರಿಟನ್ನಿಗೆ ಮುಸ್ಲಿಮರು ಬಂದದ್ದು ಅದಕ್ಕೂ ಬಹಳ ಹಿಂದೆ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ದುಡಿಯುತ್ತಿದ್ದ ಲಸ್ಕರ್‌ಗಳು ಲಂಡನ್ ಬಂದರಿನಲ್ಲಿ ಇಳಿದು ಅಲ್ಲೇ ತಂಗುತ್ತಿದ್ದರು. ಪಟ್ನಾದ ಶೇಖ್ ದೀನ್ ಮಹಮ್ಮದ್ 1810ರಲ್ಲಿ ಲಂಡನ್ನಿನಲ್ಲಿ ಒಂದು ಭಾರತೀಯ ಹೋಟೆಲ್ ತೆರೆದ. ಅದು ನಡೆಯಲಿಲ್ಲ, ದಿವಾಳಿಯಾದ. ಆಮೇಲೆ ಬ್ರೈಟನ್‌ಗೆ ಹೋಗಿ ಹಬೆಸ್ನಾನ, ಮಾಲೀಶಿನ ಮನೆ ಇಟ್ಟು ರಾಜನಿಗೇ ಮಾಲೀಶು ಮಾಡುವ ಮಟ್ಟಕ್ಕೆ ಬೆಳೆದ. ಲಿವರ್‌ಪೂಲ್‌ನಲ್ಲಿ ಇಸ್ಲಾಂಗೆ ಮತಾಂತರವಾದ ವಿಲಿಯಂ ಕ್ವಿಲಿಯಂ ಎಂಬ ವಕೀಲ ಒಂದು ಮಸೀದಿ ನಡೆಸುತ್ತಿದ್ದ. ಲಂಡನ್ ಹತ್ತಿರದ ವೋಕಿಂಗ್‌ನಲ್ಲಿ 1889ರಲ್ಲಿ ಭೋಪಾಲದ ಬೇಗಂ ಶಾಹಜಹಾನ್ ಕೊಟ್ಟ ಹಣದ ನೆರವಿನಿಂದ ಮಸೀದಿ ಎದ್ದಿತು. ಅದು ಈಗಲೂ ಇದೆ. ಆದರೆ ಇವೆಲ್ಲ ಬಿಡಿ ಬಿಡಿ ಕತೆಗಳು. ಒಂದು ಸಮುದಾಯ ಅಂತ ಕರೆಯುವಷ್ಟು ಜನ ಆಗ ಇರಲಿಲ್ಲ.

ಮೀರ್‌ಪುರದವರ ಕತೆ ಶುರುವಾಗುವುದು ದೋಣಿಯಿಂದ. ಝೇಲಂ ನದಿಯಲ್ಲಿ ಸರಕು ಸಾಗಿಸುವುದು ಅಲ್ಲಿನ ಹಲವರ ಕಸುಬಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಪಂಜಾಬಿಗೆ ರೈಲು ಬಂತು, ದೋಣಿ ಮೂಲೆಗೆ ಬಿತ್ತು. ಕೆಲಸ ಹುಡುಕಿಕೊಂಡು ಬಾಂಬೆ, ಕರಾಚಿಗೆ ಹೋದವರು ಉಗಿಹಡಗುಗಳ ತಳದಲ್ಲಿ ಕಲ್ಲಿದ್ದಲು ಸುರಿಯುವ ಕೆಲಸಕ್ಕೆ ಸೇರಿದರು. ಬೆಂಕಿಯ ಮುಂದೆ ನಿಲ್ಲುವ ಆ ಕೆಲಸ ಬಿಳಿಯರಿಗೆ ಬೇಡವಾಗಿತ್ತು. ಹಾಗೆ ಹೋದವರಲ್ಲಿ ಕೆಲವರು ಬ್ರಿಟನ್ನಿನಲ್ಲಿ ಹಡಗು ಬಿಟ್ಟು, ಎರಡನೇ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆ ಸೇರಿದ್ದರು. ಮುಂದೆ ಊರಿನಿಂದ ಬಂದವರಿಗೆ ವಿಳಾಸ ಅಂತ ಇದ್ದದ್ದು ಇವರೇ.

ಯುದ್ಧ ಮುಗಿದ ಮೇಲೆ ಬ್ರಾಡ್‌ಫರ್ಡ್‌ನ ಉಣ್ಣೆ ಮಿಲ್ಲುಗಳು ಹೊಸ ಯಂತ್ರ ತಂದವು. ಹಾಕಿದ ದುಡ್ಡು ಹುಟ್ಟಬೇಕಾದರೆ ಯಂತ್ರ ಹಗಲು ರಾತ್ರಿ ಓಡಬೇಕು. ಹೆಂಗಸರ ರಾತ್ರಿ ಪಾಳಿಗೆ ಕಾನೂನಿನ ನಿರ್ಬಂಧವಿತ್ತು. ಸ್ಥಳೀಯ ಗಂಡಸರು ಬೇರೆ ಕಡೆ ಒಳ್ಳೆ ಸಂಬಳ ನೋಡಿಕೊಂಡು ಹೋಗಿದ್ದರು. ಉಳಿದದ್ದು ಮೀರ್‌ಪುರದವರು. 1948ರ ಪೌರತ್ವ ಕಾಯ್ದೆಯ ಪ್ರಕಾರ ಕಾಮನ್‌ವೆಲ್ತ್ ದೇಶಗಳವರು ಬ್ರಿಟನ್ನಿಗೆ ಹೋಗಿ ದುಡಿಯಲು ಅಡ್ಡಿಯೂ ಇರಲಿಲ್ಲ. ರಾತ್ರಿ ಪಾಳಿಗೆ ಹೋದರೆ ಸುತ್ತಲೂ ತಮ್ಮ ಊರಿನವರೇ. ಇಂಗ್ಲಿಷ್ ಕಲಿಯುವ ಅಗತ್ಯವೇ ಬೀಳಲಿಲ್ಲ.

ಆಗಿನ ಬಾಡಿಗೆ ಮನೆಗಳನ್ನು ಸ್ವಲ್ಪ ನೋಡಬೇಕು. ಮಿಲ್ ಹತ್ತಿರದ ಹಳೇ ವಠಾರಗಳು, ಸಾಲು ಸಾಲು ಕಲ್ಲಿನ ಮನೆ. ಒಂದೊಂದು ಮನೆಯಲ್ಲಿ ಹತ್ತಾರು ಗಂಡಸರು. ಹಾಸಿಗೆಗಳಿಗೂ ಪಾಳಿ ಇತ್ತು. ಹಗಲು ದುಡಿದವನು ಎದ್ದು ಹೊರಟರೆ ರಾತ್ರಿ ದುಡಿದವನು ಬಂದು ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದ. ಉಳಿಸಿದ ದುಡ್ಡೆಲ್ಲ ಊರಿಗೆ. ನಾಲ್ಕೈದು ವರ್ಷ ದುಡಿದು, ಜಮೀನು ಕೊಂಡು, ಪಕ್ಕಾ ಮನೆ ಕಟ್ಟಿ, ತನ್ನ ಜಾಗಕ್ಕೆ ತಮ್ಮನನ್ನೋ ಮಗನನ್ನೋ ಕಳಿಸಿ ವಾಪಸ್ ಆಗುವುದು. ಹೆಂಡತಿ ಮಕ್ಕಳನ್ನು ಇಲ್ಲಿಗೆ ಕರೆತರುವ ಯೋಚನೆ ಬಹುಪಾಲು ಜನರಿಗೆ ಇರಲೇ ಇಲ್ಲ.

ಆಗ ಬಂತು 1962ರ ಕಾಮನ್‌ವೆಲ್ತ್ ವಲಸೆ ಕಾಯ್ದೆ. ಕಂದುಬಣ್ಣದವರು ಜಾಸ್ತಿಯಾದರು ಎಂಬ ಗಲಾಟೆ ಏರಿ, ಕನ್ಸರ್ವೇಟಿವ್ ಸರ್ಕಾರ ತಂದ ಕಾನೂನು ಇದು. ಜುಲೈ 1ರಿಂದ ಕೆಲಸದ ವೋಚರ್, ಅಂದರೆ ಸರ್ಕಾರ ಕೊಡುವ ಪರವಾನಗಿ ಚೀಟಿ ಇದ್ದವರಿಗೆ ಮಾತ್ರ ದುಡಿಯಲು ಪ್ರವೇಶ. ಲೇಬರ್ ಪಕ್ಷ ಇದನ್ನು ಕಟುವಾಗಿ ವಿರೋಧಿಸಿತು. ಅಧಿಕಾರಕ್ಕೆ ಬಂದ ಮೇಲೆ 1965ರಲ್ಲಿ ಅದೇ ಪಕ್ಷ ವೋಚರ್‌ಗಳನ್ನು ವರ್ಷಕ್ಕೆ 8,500ಕ್ಕೆ ಇಳಿಸಿತು. ರಾಜಕೀಯ ಅಂದ್ರೆ ಹಾಗೇ ಅಲ್ವಾ?

ಕಾನೂನು ಬರುತ್ತದೆ ಎಂಬ ಸುದ್ದಿ ಹರಡಿದ್ದೇ ತಡ, ಜನ ಮುಗಿಬಿದ್ದರು. ಪಾಕಿಸ್ತಾನದಿಂದ 1960ರಲ್ಲಿ ಬಂದವರು ಸುಮಾರು 2,500. ಮರುವರ್ಷ ಸುಮಾರು 25,000! ಮುಂದೆ ಯಾವಾಗಲೋ ಹೋಗೋಣ ಅಂದುಕೊಂಡಿದ್ದವರೆಲ್ಲ ಈಗಲೇ ಹೊರಟರು. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು. ಇಲ್ಲಿದ್ದವರು ಸುಮ್ನೆ ಊರಿಗೆ ಹೋಗಿ ಬರುವ ಹಾಗಿರಲಿಲ್ಲ. ಹೋಗಿ ಬಹಳ ದಿನ ನಿಂತರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯ. ತಮ್ಮನನ್ನು ತನ್ನ ಜಾಗಕ್ಕೆ ಕಳಿಸುವ ದಾರಿ ಇಕ್ಕಟ್ಟಾಯಿತು. ಆದರೆ ಹೆಂಡತಿ ಮಕ್ಕಳಿಗೆ ವೋಚರ್ ಬೇಕಿರಲಿಲ್ಲ. ಹಾಗಾಗಿ ಅವರನ್ನೇ ಕರೆಸಿಕೊಂಡರು.

ಇದೇ ಹೊತ್ತಿನಲ್ಲಿ ಊರೂ ಕೈಬಿಟ್ಟಿತು. ಝೇಲಂಗೆ ಅಡ್ಡಲಾಗಿ ಮಂಗ್ಲಾ ಅಣೆಕಟ್ಟೆ 1967ರಲ್ಲಿ ಮುಗಿದಾಗ ಹಳೇ ಮೀರ್‌ಪುರ ಪಟ್ಟಣ, ಸುತ್ತಲಿನ ಇನ್ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಡೆಯಾದವು. ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಪರಿಹಾರದ ಹಣದಲ್ಲಿ ಟಿಕೆಟ್ ಕೊಂಡು ಬ್ರಿಟನ್ನಿಗೆ ಬಂದವರೂ ಇದ್ದರು. ಈಗಲೂ ನೀರು ಇಳಿದಾಗ ಹಳೇ ಊರಿನ ದರ್ಗಾ, ದೇವಸ್ಥಾನದ ಕಟ್ಟಡಗಳು ಕೆಸರಿನಿಂದ ಮೇಲೆ ಕಾಣುತ್ತವೆ. ಅಣೆಕಟ್ಟೆಯಿಂದಲೇ ಮೀರ್‌ಪುರದವರು ಬ್ರಿಟನ್ನಿಗೆ ಬಂದರು ಎಂದು ಹೇಳುವುದುಂಟು. ಅದು ಅರ್ಧ ನಿಜ. ಹೋಗುವ ದಾರಿ, ಅಲ್ಲಿನ ವಿಳಾಸ, ಕೆಲಸ ಕೊಡಿಸುವ ನೆಂಟ ಎಲ್ಲ ಮೊದಲೇ ಇದ್ದವು. ಅಣೆಕಟ್ಟೆ ಮಾಡಿದ್ದು, ವಾಪಸ್ ಹೋಗಬೇಕಾದ ಮನೆಯನ್ನೇ ಇಲ್ಲವಾಗಿಸಿದ್ದು.

ಸಂಸಾರ ಬಂದ ಮೇಲೆ ಬೇಕುಗಳು ಬದಲಾದವು. ಗಂಡಸರಷ್ಟೇ ಇದ್ದಾಗ ಯಾವುದೋ ಮನೆಯ ಕೋಣೆಯಲ್ಲಿ ನಮಾಜು ಮುಗಿಯುತ್ತಿತ್ತು. ಈಗ ಮಕ್ಕಳಿಗೆ ಕುರಾನ್ ಕಲಿಸಬೇಕು, ಹಲಾಲ್ ಮಾಂಸದಂಗಡಿ ಬೇಕು, ದಫನಿಗೆ ಜಾಗ ಬೇಕು. ಮಸೀದಿಗಳೂ ಪಂಗಡಕ್ಕೊಂದರಂತೆ ಬೇರೆಯಾದವು. ಬರೇಲ್ವಿಗಳದ್ದು ಒಂದು, ದೇವಬಂದಿಗಳದ್ದು ಇನ್ನೊಂದು. 1983ರಲ್ಲಿ ಬ್ರಾಡ್‌ಫರ್ಡ್ ನಗರಸಭೆ ಶಾಲೆಯ ಊಟದಲ್ಲಿ ಹಲಾಲ್ ಮಾಂಸ ಕೊಡಲು ಶುರು ಮಾಡಿತು, ಪ್ರಾಣಿದಯೆಯ ಸಂಘಗಳು ಬೀದಿಗಿಳಿದವು. 1985ರಲ್ಲಿ ಮೀರ್‌ಪುರ ಸೀಮೆಯಲ್ಲೇ ಹುಟ್ಟಿದ ಮೊಹಮ್ಮದ್ ಅಜೀಬ್ ಬ್ರಾಡ್‌ಫರ್ಡ್‌ನ ಲಾರ್ಡ್ ಮೇಯರ್ ಆದರು. ಬಿರಾದರಿ, ಅಂದರೆ ಕುಲಬಾಂಧವರ ಓಟುಗಳ ಬಲ ಆಗಲೇ ಪಕ್ಷಗಳಿಗೆ ಗೊತ್ತಾಗಿತ್ತು.

ಅಷ್ಟರಲ್ಲಿ ಕರೆತಂದ ಕೆಲಸವೇ ಹೋಯಿತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಒಂದು ಕಾಲಕ್ಕೆ ಸಾವಿರಾರು ಜನ ದುಡಿದಿದ್ದ ಮ್ಯಾನಿಂಗ್‌ಹ್ಯಾಮ್ ರೇಷ್ಮೆ ಮಿಲ್ 1992ರಲ್ಲಿ ಮುಚ್ಚಿತು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ಇಂಗ್ಲಿಷ್ ಬಾರದ, ರಾತ್ರಿ ಪಾಳಿ ಬಿಟ್ಟು ಬೇರೇನೂ ಗೊತ್ತಿಲ್ಲದ ನಡುವಯಸ್ಸಿನವರು ಟ್ಯಾಕ್ಸಿ ಓಡಿಸಿದರು, ಊಟದ ಪಾರ್ಸೆಲ್ ಅಂಗಡಿ ಇಟ್ಟರು. ಹಲವರು ಮನೆಯಲ್ಲೇ ಕೂತರು. ಮುಂದಿನ ಸುದ್ದಿಗಳನ್ನು ಓದುವಾಗ ಈ ಹಿನ್ನೆಲೆ ಬಿಟ್ಟರೆ ಏನೂ ಅರ್ಥವಾಗುವುದಿಲ್ಲ ಅಂತ ನನಗನ್ನಿಸುತ್ತದೆ. 1989ರ ಜನವರಿಯಲ್ಲಿ ಇಸ್ಲಾಂಗೆ ಅವಮಾನ ಎಂದು ಸಲ್ಮಾನ್ ರಶ್ದಿಯ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ಪ್ರತಿಗೆ ಬೆಂಕಿ ಹಚ್ಚಿದ್ದು ಬ್ರಾಡ್‌ಫರ್ಡ್‌ನಲ್ಲೇ. 2001ರ ಬೇಸಿಗೆಯ ಗಲಭೆಗಳು ನಡೆದ ಓಲ್ಡಮ್, ಬರ್ನ್ಲಿ, ಬ್ರಾಡ್‌ಫರ್ಡ್ ಮೂರೂ ಮಿಲ್ ಮುಚ್ಚಿದ ಊರುಗಳು. 2005ರ ಜುಲೈ 7ರಂದು ಲಂಡನ್ ಸ್ಫೋಟಗಳಲ್ಲಿ 52 ಜನ ಸತ್ತಾಗ, ದಾಳಿಕೋರರಲ್ಲಿ ಮೂವರು ಬ್ರಾಡ್‌ಫರ್ಡ್ ಇರುವ ಇದೇ ಯಾರ್ಕ್‌ಷೈರ್ ಸೀಮೆಯ ಪಾಕಿಸ್ತಾನಿ ಮೂಲದ ಯುವಕರು ಎಂದು ಗೊತ್ತಾಯಿತು. ಬಡತನ ಅದಕ್ಕೆ ಉತ್ತರವಲ್ಲ. ಆದರೆ ಅಂದಿನಿಂದ ಇಡೀ ಸಮುದಾಯ ಅನುಮಾನದ ನೆರಳಲ್ಲಿ ಬದುಕಬೇಕಾಯಿತು.

ಬ್ರಿಟನ್ನಿನ ಮುಸ್ಲಿಮರೆಲ್ಲ ಮೀರ್‌ಪುರದವರಲ್ಲ. ಲಂಡನ್ನಿನ ಪೂರ್ವಕ್ಕೆ ಬಾಂಗ್ಲಾದ ಸಿಲ್ಹೆಟ್ ಸೀಮೆಯವರಿದ್ದಾರೆ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಓಡಿಸಿದ ಗುಜರಾತಿಗಳಿದ್ದಾರೆ. ಸೊಮಾಲಿಗಳು, ಬೋಸ್ನಿಯದವರು, ಅರಬರು ಇದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ಧರ್ಮದ ಪ್ರಶ್ನೆ ಸೇರಿದ್ದೇ 2001ರಲ್ಲಿ. ಆಗ ಮುಸ್ಲಿಮರು ಸುಮಾರು 15 ಲಕ್ಷ, 2011ರಲ್ಲಿ 27 ಲಕ್ಷ, 2021ರಲ್ಲಿ 39 ಲಕ್ಷ, ಅಂದರೆ ಶೇ. 6.5. ಇವರಲ್ಲಿ ಅರ್ಧದಷ್ಟು ಜನ 27ಕ್ಕಿಂತ ಚಿಕ್ಕವರು, ಇಡೀ ಜನಸಂಖ್ಯೆಯಲ್ಲಿ ಈ ಅರ್ಧದ ಗೆರೆ 40. ಸಂಖ್ಯೆ ಏರುವುದಕ್ಕೆ ವಲಸೆಯಷ್ಟೇ ಈ ಎಳೆ ವಯಸ್ಸೂ ಕಾರಣ.

2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಗೃಹ ಸಚಿವೆಯಾದ ಶಬಾನಾ ಮಹಮೂದ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಕುಟುಂಬದ ಮೂಲ ಮೀರ್‌ಪುರ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಖಾತೆ ಈಗ ಅವರದು. ನವೆಂಬರ್‌ನಲ್ಲಿ ಅವರು ಮುಂದಿಟ್ಟ ಯೋಜನೆಯ ಪ್ರಕಾರ, ಅಕ್ರಮವಾಗಿ ಬಂದು ಆಶ್ರಯ ಪಡೆದವರು ಕಾಯಂ ವಾಸದ ಹಕ್ಕಿಗೆ 20 ವರ್ಷ ಕಾಯಬೇಕು. ನಡುವೆ ಎರಡೂವರೆ ವರ್ಷಕ್ಕೊಮ್ಮೆ ಅವರ ಅರ್ಹತೆಯ ಮರುಪರಿಶೀಲನೆ. ಅವರದೇ ಲೇಬರ್ ಪಕ್ಷದ ಕೆಲವು ಸಂಸದರು ಬಹಿರಂಗವಾಗಿ ತಕರಾರು ಎತ್ತಿದರು.