ತಾರೆ ಉಳಿದರೆ ತಂಡ ಉಳಿಯುವುದೇ?

2025ರ ಜೂನ್ 22ರಂದು ಎನ್‌ಬಿಎ ಫೈನಲ್ ಸರಣಿಯ ಏಳನೆಯ ಮತ್ತು ನಿರ್ಣಾಯಕ ಪಂದ್ಯದಲ್ಲಿ ಎದುರುಬದುರಾದದ್ದು ಒಕ್ಲಹೋಮ ಸಿಟಿ ಥಂಡರ್ ಮತ್ತು ಇಂಡಿಯಾನಾ ಪೇಸರ್ಸ್ ತಂಡಗಳು. ಅಮೆರಿಕದ ಈ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ನ್ಯೂಯಾರ್ಕ್, ಲಾಸ್ ಏಂಜಲೀಸ್, ಬಾಸ್ಟನ್‌ಗಳಂಥ ಮಹಾನಗರಗಳನ್ನು ಹಿಂದಿಕ್ಕಿ ಎರಡು ಸಣ್ಣ ಊರುಗಳು ಕೊನೆಯ ದಿನದವರೆಗೆ ಉಳಿಯುವುದು ಅಪರೂಪ. ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್ ಮೊದಲ ಕ್ವಾರ್ಟರಿನಲ್ಲೇ ಅಕಿಲಿಸ್ ಸ್ನಾಯುರಜ್ಜು ಹರಿದು ಕುಸಿದರು. ಒಕ್ಲಹೋಮ 103–91ರಿಂದ ಗೆದ್ದಿತು. ಆದರೆ ಇಂಡಿಯಾನಾದ ನಷ್ಟ ಅಲ್ಲಿಗೆ ಮುಗಿಯಲಿಲ್ಲ. ಹತ್ತು ದಿನ ಕಳೆಯುವುದರೊಳಗೆ, ಹತ್ತು ಋತುಗಳಿಂದ ಆ ತಂಡದಲ್ಲಿಯೇ ಆಡುತ್ತಿದ್ದ ಮೈಲ್ಸ್ ಟರ್ನರ್ ಮಿಲ್ವಾಕಿಗೆ ಹೊರಟುಹೋದರು. ಮಿಲ್ವಾಕಿಯೂ ಸಣ್ಣ ಊರೇ. ಟರ್ನರ್‌ಗೆ ಜಾಗ ಮಾಡಿಕೊಳ್ಳಲು ಅದು ಗಾಯಗೊಂಡಿದ್ದ ಡೇಮಿಯನ್ ಲಿಲ್ಲಾರ್ಡ್ ಅವರನ್ನು ಕೈಬಿಟ್ಟು, ಅವರಿಗೆ ಕೊಡಬೇಕಿದ್ದ 11 ಕೋಟಿ ಡಾಲರಿಗೂ ಹೆಚ್ಚಿನ ಬಾಕಿಯನ್ನು ಐದು ವರ್ಷಗಳಿಗೆ ಹಂಚಿ ಹೊತ್ತುಕೊಂಡಿತು. ಗೆಲುವಿನ ಹೊಸ್ತಿಲಿಗೆ ಬಂದ ಸಣ್ಣ ತಂಡಗಳು ಹೀಗೆ ತಮ್ಮ ಆಟಗಾರರನ್ನು ಬಿಡಬೇಕಾಗಿ ಬರುವುದೇಕೆ ಎಂಬುದಕ್ಕೆ ಉತ್ತರ ಅಂಕಣದಲ್ಲಿ ಸಿಗುವುದಿಲ್ಲ. ಸಂಬಳದ ನಿಯಮಾವಳಿಯಲ್ಲಿ ಸಿಗುತ್ತದೆ.

ಲೀಗಿನ 30 ತಂಡಗಳು ರಾಷ್ಟ್ರೀಯ ಟಿ.ವಿ. ಪ್ರಸಾರದ ಹಣವನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಟಿಕೆಟ್ ಮಾರಾಟ, ಸ್ಥಳೀಯ ಪ್ರಸಾರ, ಸ್ಥಳೀಯ ಜಾಹೀರಾತುಗಳ ಆದಾಯದಲ್ಲಿ ಮಾತ್ರ ಊರಿನ ಗಾತ್ರ ತನ್ನ ಬಲವನ್ನು ತೋರಿಸುತ್ತದೆ. ಅರ್ಥಶಾಸ್ತ್ರಜ್ಞ ಸೈಮನ್ ರಾಟನ್‌ಬರ್ಗ್ 1956ರಲ್ಲಿ ಬೇಸ್‌ಬಾಲ್ ಆಟಗಾರರ ಮಾರುಕಟ್ಟೆಯ ಬಗ್ಗೆ ಬರೆಯುತ್ತ, ಆಟಗಾರನ ಮೇಲಿನ ಹಕ್ಕು ಯಾರ ಕೈಯಲ್ಲೇ ಇರಲಿ, ಅವನಿಂದ ಹೆಚ್ಚು ಆದಾಯ ಎಲ್ಲಿ ಹುಟ್ಟುತ್ತದೆಯೋ ಅಲ್ಲಿಗೇ ಅವನು ಕೊನೆಗೆ ಸೇರುತ್ತಾನೆ ಎಂದು ವಾದಿಸಿದ್ದರು. ನೀರು ಇಳಿಜಾರಿಗೆ ಹರಿಯುವಂಥ ಈ ಚಲನೆಗೆ ಕಟ್ಟೆ ಕಟ್ಟುವ ಪ್ರಯತ್ನವೇ ವೇತನ ಮಿತಿ, ಅಂದರೆ ಸ್ಯಾಲರಿ ಕ್ಯಾಪ್.

1984–85ರ ಋತುವಿನಲ್ಲಿ ಜಾರಿಗೆ ಬಂದಾಗ ಈ ಮಿತಿ ಪ್ರತಿ ತಂಡಕ್ಕೆ 36 ಲಕ್ಷ ಡಾಲರ್ ಆಗಿತ್ತು. 2025–26ರಲ್ಲಿ ಅದು 15 ಕೋಟಿ 46 ಲಕ್ಷ ಡಾಲರ್. ಎನ್‌ಬಿಎಯ ಮಿತಿ ಕಬ್ಬಿಣದ ಗೋಡೆಯಲ್ಲ, ಬಾಗಿಲುಗಳಿರುವ ಬೇಲಿ. ಅವುಗಳಲ್ಲಿ ದೊಡ್ಡ ಬಾಗಿಲಿಗೆ ಬಾಸ್ಟನ್ನಿನ ಲ್ಯಾರಿ ಬರ್ಡ್ ಅವರ ಹೆಸರಿದೆ: ಮೂರು ಋತುಗಳ ಕಾಲ ತನ್ನಲ್ಲಿದ್ದ ಆಟಗಾರನಿಗೆ ತಂಡವು ಮಿತಿ ಮೀರಿಯೂ ಸಂಬಳ ಕೊಟ್ಟು ಉಳಿಸಿಕೊಳ್ಳಬಹುದು. ಈ ಹಕ್ಕು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2023ರ ಚಾಂಪಿಯನ್ ಡೆನ್ವರ್ ಕಂಡಿತು. ಒಂದೇ ಋತು ಆಡಿದ್ದ ಬ್ರೂಸ್ ಬ್ರೌನ್ ಅವರಿಗೆ ಹಿಂದಿನ ಸಂಬಳಕ್ಕಿಂತ ಶೇ. 20ರಷ್ಟು ಮಾತ್ರ ಹೆಚ್ಚು ಕೊಡಲು ಡೆನ್ವರ್‌ಗೆ ಅವಕಾಶವಿತ್ತು. ಇಂಡಿಯಾನಾ ಎರಡು ವರ್ಷಕ್ಕೆ 4 ಕೋಟಿ 50 ಲಕ್ಷ ಡಾಲರ್ ಮುಂದಿಟ್ಟಿತು, ಬ್ರೌನ್ ಹೋದರು.

ಇಲ್ಲಿಯವರೆಗಿನ ನಿಯಮಗಳು ಊರಿನ ತಂಡದ ಪರವಾಗಿಯೇ ಇವೆ. ತೊಡಕು ಹುಟ್ಟಿದ್ದು ಇನ್ನೊಂದು ನಿಯಮದಿಂದ. 1997ರಲ್ಲಿ ಮಿನ್ನೆಸೋಟ ತಂಡವು 21 ವರ್ಷದ ಕೆವಿನ್ ಗಾರ್ನೆಟ್ ಅವರಿಗೆ ಆರು ವರ್ಷಕ್ಕೆ 12 ಕೋಟಿ 60 ಲಕ್ಷ ಡಾಲರುಗಳ ಕರಾರು ಬರೆದುಕೊಟ್ಟಿತು. ಸಣ್ಣ ಊರೊಂದು ತನ್ನ ಹುಡುಗನನ್ನು ಹಣ ಸುರಿದು ಉಳಿಸಿಕೊಂಡ ನಿದರ್ಶನ ಅದು. ಮಾಲೀಕರಿಗೆ ದಿಗಿಲಾಯಿತು. ಮರುವರ್ಷ ಅವರು ಬೀಗಮುದ್ರೆ ಘೋಷಿಸಿದರು. 82 ಪಂದ್ಯಗಳ ಋತು 50ಕ್ಕೆ ಇಳಿಯಿತು. ಮಾಲೀಕರೂ ಆಟಗಾರರ ಸಂಘವೂ ಮಾಡಿಕೊಂಡ 1999ರ ಒಪ್ಪಂದದಲ್ಲಿ ಒಬ್ಬೊಬ್ಬ ಆಟಗಾರನ ಸಂಬಳಕ್ಕೂ ಮೇಲ್ಮಿತಿ ಬಂತು. ಆರು ವರ್ಷದವರೆಗಿನ ಅನುಭವಕ್ಕೆ ತಂಡದ ಮಿತಿಯ ಸುಮಾರು ಶೇ. 25, ಏಳರಿಂದ ಒಂಬತ್ತು ವರ್ಷಕ್ಕೆ ಶೇ. 30, ಹತ್ತು ತುಂಬಿದವರಿಗೆ ಶೇ. 35 ಎಂಬುದು ಅದರ ಮೂರು ಮೆಟ್ಟಿಲುಗಳು.

ಸಣ್ಣ ತಂಡಗಳನ್ನು ದಿವಾಳಿಯಿಂದ ಕಾಪಾಡುವಂತೆ ಕಾಣುವ ಈ ಮೇಲ್ಮಿತಿಯೇ ಅವುಗಳ ಏಕೈಕ ಆಯುಧವನ್ನು ಕಸಿದುಕೊಂಡಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವುದೇ ವಸ್ತುವಿನ ಬೆಲೆಯನ್ನು ಕಟ್ಟಿಹಾಕಿದಾಗ ಬೇಡಿಕೆ ಕರಗಿಹೋಗುವುದಿಲ್ಲ. ಬೆಲೆ ಮಾಡಬೇಕಿದ್ದ ಆಯ್ಕೆಯನ್ನು ಬೇರೇನೋ ಮಾಡತೊಡಗುತ್ತದೆ. ಲಾಸ್ ಏಂಜಲೀಸಿನ ಕಡಲತೀರ, ಮಯಾಮಿಯ ಬಿಸಿಲು, ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಗಳು, ಈಗಾಗಲೇ ಗೆಲ್ಲುತ್ತಿರುವ ಸಹ ಆಟಗಾರರು, ಟೆಕ್ಸಸ್ ಮತ್ತು ಫ್ಲಾರಿಡಾ ರಾಜ್ಯಗಳಲ್ಲಿ ಇಲ್ಲದ ಆದಾಯ ತೆರಿಗೆ ಇವೆಲ್ಲ ಆಗ ತಕ್ಕಡಿಗೆ ಬರುತ್ತವೆ. ಚಳಿಗಾಲದ ಮಿಲ್ವಾಕಿಯೂ ಬಯಲುಸೀಮೆಯ ಒಕ್ಲಹೋಮ ಸಿಟಿಯೂ ಇವುಗಳಿಗೆ ಪ್ರತಿಯಾಗಿ ಇಡಬಹುದಾಗಿದ್ದದ್ದು ಹೆಚ್ಚಿನ ಹಣವನ್ನು ಮಾತ್ರ. ಅದಕ್ಕೇ ಬೀಗ ಬಿದ್ದಿತ್ತು.

2016ರ ಬೇಸಿಗೆಯಲ್ಲಿ ಈ ಸತ್ಯ ನಿಚ್ಚಳವಾಯಿತು. ಹೊಸ ಟಿ.ವಿ. ಒಪ್ಪಂದದ ಹಣ ಒಮ್ಮೆಲೇ ಹರಿದುಬಂದು ತಂಡಗಳ ಮಿತಿ 7 ಕೋಟಿಯಿಂದ 9 ಕೋಟಿ 41 ಲಕ್ಷ ಡಾಲರಿಗೆ ಜಿಗಿಯಿತು. ಏರಿಕೆಯನ್ನು ಹಂತಹಂತವಾಗಿ ಹರಡೋಣ ಎಂಬ ಲೀಗಿನ ಸಲಹೆಯನ್ನು ಆಟಗಾರರ ಸಂಘ ತಳ್ಳಿಹಾಕಿತ್ತು. ಹಿಂದಿನ ಋತುವಿನಲ್ಲಿ 73 ಪಂದ್ಯ ಗೆದ್ದು ದಾಖಲೆ ಬರೆದಿದ್ದ ಕ್ಯಾಲಿಫೋರ್ನಿಯದ ಗೋಲ್ಡನ್ ಸ್ಟೇಟ್ ತಂಡಕ್ಕೂ ಹೀಗಾಗಿ ಜಾಗ ತೆರೆಯಿತು. ಜೊತೆಗೆ ಸ್ಟೆಫೆನ್ ಕರಿ, ಪಾದದ ಕೀಲಿನ ಗಾಯದ ಕಾಲದಲ್ಲಿ ಒಪ್ಪಿಕೊಂಡಿದ್ದ ನಾಲ್ಕು ವರ್ಷಕ್ಕೆ 4 ಕೋಟಿ 40 ಲಕ್ಷದ ಅಗ್ಗದ ಕರಾರಿನಲ್ಲಿ ಆಡುತ್ತಿದ್ದರು. ಒಕ್ಲಹೋಮದ ಕೆವಿನ್ ಡ್ಯುರಾಂಟ್ ಅಲ್ಲಿಗೆ ಹೋದರು. ಒಂಬತ್ತು ವರ್ಷ ಆಡಿದ್ದ ಅವರಿಗೆ ಮೊದಲ ವರ್ಷದ ಸಂಬಳವಾಗಿ ಊರಿನ ತಂಡ ಕೊಡಬಹುದಾಗಿದ್ದದ್ದೂ ಎದುರಾಳಿ ಕೊಡಬಹುದಾಗಿದ್ದದ್ದೂ ಒಂದೇ ಮೊತ್ತ, ಸುಮಾರು 2 ಕೋಟಿ 65 ಲಕ್ಷ ಡಾಲರ್. ಒಂದು ವರ್ಷ ಉದ್ದದ ಕರಾರು ಮತ್ತು ಸ್ವಲ್ಪ ಹೆಚ್ಚಿನ ವಾರ್ಷಿಕ ಏರಿಕೆ, ಇಷ್ಟೇ ಒಕ್ಲಹೋಮದ ಕೈಯಲ್ಲಿದ್ದ ಅಧಿಕ.

ಈ ಗಾಯಕ್ಕೆ 2017ರಲ್ಲಿ ಹಚ್ಚಿದ ಮದ್ದು ಸೂಪರ್‌ಮ್ಯಾಕ್ಸ್. ಏಳೆಂಟು ವರ್ಷ ಆಡಿದ ಆಟಗಾರ ವರ್ಷದ ಶ್ರೇಷ್ಠ ಆಟಗಾರರ ಆಲ್-ಎನ್‌ಬಿಎ ತಂಡಗಳಲ್ಲಿ ಸ್ಥಾನ ಪಡೆದರೆ, ಅಥವಾ ಅತ್ಯಮೂಲ್ಯ ಆಟಗಾರ, ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿಗಳಲ್ಲೊಂದನ್ನು ಗೆದ್ದರೆ, ಅವನನ್ನು ಆರಿಸಿದ ಅಥವಾ ಮೊದಲ ನಾಲ್ಕು ವರ್ಷಗಳೊಳಗೆ ಪಡೆದು ಬೆಳೆಸಿದ ತಂಡ ಮಾತ್ರ ಅವನಿಗೆ ಹತ್ತು ವರ್ಷದ ಹಿರಿಯರ ಶೇ. 35ರ ಮೆಟ್ಟಿಲನ್ನು ಮೊದಲೇ ಕೊಡಬಹುದು. ಮೊದಲ ನಾಲ್ಕು ವರ್ಷಗಳ ನಂತರ ತಂಡ ಬದಲಾದರೆ ಈ ಹಕ್ಕು ಹೋಗುತ್ತದೆ. ಆಯ್ಕೆಯ ಮತ ಹಾಕುವವರು ಪತ್ರಕರ್ತರು ಮತ್ತು ಪ್ರಸಾರಕರು; ಹೀಗೆ ಕೋಟಿಗಟ್ಟಲೆ ಡಾಲರುಗಳ ಭವಿಷ್ಯವನ್ನು, ಕೆಲವೊಮ್ಮೆ ಒಂದು ಊರಿನ ಭವಿಷ್ಯವನ್ನೂ, ಹೊರಗಿನವರ ಮತಪತ್ರಕ್ಕೆ ಒಪ್ಪಿಸಿದ್ದು ಸರಿಯಲ್ಲ.

ಅದರ ಪರಿಣಾಮವನ್ನು ಇಂಡಿಯಾನಾ ಬಲ್ಲದು. 2017ರಲ್ಲಿ ಅದರ ತಾರೆ ಪಾಲ್ ಜಾರ್ಜ್ ಆ ಪಟ್ಟಿಯಲ್ಲಿ ಸ್ಥಾನ ಪಡೆಯಲಿಲ್ಲ. ಸೂಪರ್‌ಮ್ಯಾಕ್ಸ್ ಬಾಗಿಲು ಮುಚ್ಚಿತು. ಮುಂದಿನ ವರ್ಷ ಹೊರಡುವುದಾಗಿ ಅವರು ತಿಳಿಸಿದರು. ಬರಿಗೈಯಲ್ಲಿ ಉಳಿಯುವುದಕ್ಕಿಂತ ಮೇಲೆಂದು ಇಂಡಿಯಾನಾ ಅವರನ್ನು ಒಕ್ಲಹೋಮಕ್ಕೆ ಕೊಟ್ಟು ವಿಕ್ಟರ್ ಒಲಡಿಪೊ ಮತ್ತು ಡೊಮಾಂಟಾಸ್ ಸಬೋನಿಸ್ ಅವರನ್ನು ಪಡೆಯಿತು. ಎರಡು ವರ್ಷದ ನಂತರ ಜಾರ್ಜ್ ಲಾಸ್ ಏಂಜಲೀಸಿಗೆ ಹೋಗಬಯಸಿದಾಗ ಒಕ್ಲಹೋಮ ಅವರನ್ನು ಕ್ಲಿಪ್ಪರ್ಸ್ ತಂಡಕ್ಕೆ ಕೊಟ್ಟು, ಶೇ ಗಿಲ್ಜಿಯಸ್-ಅಲೆಕ್ಸಾಂಡರ್ ಎಂಬ ಎಳೆಯ ಆಟಗಾರನನ್ನೂ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಹಲವು ಆಯ್ಕೆಗಳನ್ನೂ ತಂದಿತು; ಆ ಆಯ್ಕೆಗಳಲ್ಲೊಂದು 2022ರಲ್ಲಿ ಜೇಲನ್ ವಿಲಿಯಮ್ಸ್ ಆಯಿತು. ಅದೇ ವರ್ಷ ಇಂಡಿಯಾನಾ ಸಬೋನಿಸ್ ಅವರನ್ನು ಸ್ಯಾಕ್ರಮೆಂಟೋಗೆ ಕೊಟ್ಟು ಹ್ಯಾಲಿಬರ್ಟನ್ ಅವರನ್ನು ಪಡೆಯಿತು. ಎಂದರೆ 2025ರ ಫೈನಲ್‌ನಲ್ಲಿ ಎರಡೂ ಕಡೆ ನಿಂತ ತಾರೆಯರು ಒಂದೇ ನಿರ್ಗಮನದ ಫಲ. ತಾರೆಯನ್ನು ಉಳಿಸಿಕೊಳ್ಳುವುದಕ್ಕಿಂತ ಸರಿಯಾದ ಹೊತ್ತಿಗೆ ಬಿಟ್ಟುಕೊಡುವುದರಿಂದಲೇ ಈ ಎರಡು ಊರುಗಳಿಗೆ ಒಳಿತಾಯಿತು ಎಂಬ ಸಂಗತಿ, ಉಳಿಸುವುದಕ್ಕೆಂದೇ ಮಾಡಿದ ನಿಯಮದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಬಾಗಿಲು ತೆರೆದಿದ್ದಾಗಲೂ ಒಳಗೆ ಹೋಗಲು ಧೈರ್ಯ ಬೇಕಾಗುತ್ತದೆ. ಸ್ಯಾಕ್ರಮೆಂಟೋ 20 ಕೋಟಿ ಡಾಲರಿಗೂ ಮಿಕ್ಕ ಕರಾರಿನ ಅಂಚಿನಲ್ಲಿದ್ದ ಡಿಮಾರ್ಕಸ್ ಕಸಿನ್ಸ್ ಅವರನ್ನು 2017ರ ಫೆಬ್ರುವರಿಯಲ್ಲಿ ಸಾಗಹಾಕಿತು. ಶಾರ್ಲಟ್ ತನ್ನ ಕೆಂಬಾ ವಾಕರ್ ಅವರಿಗೆ 22 ಕೋಟಿಯಷ್ಟು ಕೊಡಬಹುದಾಗಿದ್ದರೂ ಕೊಡಲಿಲ್ಲ; ಅವರು 2019ರಲ್ಲಿ ನಾಲ್ಕು ವರ್ಷಕ್ಕೆ 14 ಕೋಟಿಗೆ ಬಾಸ್ಟನ್ ಸೇರಿದರು. ನ್ಯೂ ಆರ್ಲಿಯನ್ಸ್‌ನ ಆಂಥನಿ ಡೇವಿಸ್ ಸೂಪರ್‌ಮ್ಯಾಕ್ಸನ್ನೇ ಬೇಡವೆಂದು ಲಾಸ್ ಏಂಜಲೀಸಿನ ಲೇಕರ್ಸ್ ತಂಡಕ್ಕೆ ಹೋಗಿ 2020ರಲ್ಲಿ ಪ್ರಶಸ್ತಿ ಗೆದ್ದರು. ನಿಯಮ ತಾನು ಅಂದುಕೊಂಡಂತೆಯೇ ಫಲಿಸಿದ್ದು ಮಿಲ್ವಾಕಿಯಲ್ಲಿ. 2020ರ ಡಿಸೆಂಬರಿನಲ್ಲಿ ಯಾನಿಸ್ ಆಂಟೆಟೊಕುಂಪೊ ಐದು ವರ್ಷಕ್ಕೆ 22 ಕೋಟಿ 80 ಲಕ್ಷ ಡಾಲರಿನ ಕರಾರಿಗೆ ಸಹಿ ಹಾಕಿದರು. ಮುಂದಿನ ಜುಲೈನಲ್ಲಿ ಫೈನಲ್ಲಿನ ಆರನೆಯ ಪಂದ್ಯದಲ್ಲಿ 50 ಅಂಕ ಗಳಿಸಿ, 1971ರ ನಂತರ ಮೊದಲ ಬಾರಿಗೆ ಆ ಊರಿಗೆ ಪ್ರಶಸ್ತಿ ತಂದರು.

ಆದರೂ ಮದ್ದಿನೊಳಗೇ ಒಂದು ದೋಷವಿದೆ. ಹೆಚ್ಚಿನ ಸಂಬಳ ಕೊಡುವ ಹಕ್ಕನ್ನು ಊರಿನ ತಂಡಕ್ಕೆ ಕೊಟ್ಟ ನಿಯಮವು ಆ ಸಂಬಳವನ್ನು ಅದೇ ತಂಡದ ಲೆಕ್ಕಕ್ಕೆ ಪೂರ್ತಿಯಾಗಿ ಬರೆಯುತ್ತದೆ. 2025–26ರ ಮಿತಿಯಲ್ಲಿ ಶೇ. 35 ಎಂದರೆ 5 ಕೋಟಿ 41 ಲಕ್ಷ ಡಾಲರ್. ಮಿಕ್ಕದ್ದರಲ್ಲಿ ಹದಿನಾಲ್ಕು ಜನರನ್ನು ಸಾಕಬೇಕು. ಮಿತಿ ಮೀರಿ ಹೋದರೆ 18 ಕೋಟಿ 79 ಲಕ್ಷದ ಗೆರೆಯಿಂದ ಲಕ್ಷುರಿ ಟ್ಯಾಕ್ಸ್, ಅಂದರೆ ಹೆಚ್ಚು ಸಂಬಳ ಕೊಡುವ ತಂಡ ಲೀಗಿಗೆ ಕಟ್ಟಬೇಕಾದ ತೆರಿಗೆ ಶುರುವಾಗುತ್ತದೆ, 20 ಕೋಟಿ 78 ಲಕ್ಷದಾಚೆ ಎರಡನೆಯ ಏಪ್ರನ್ ಎಂಬ ಗೆರೆ ಇದೆ. 2023ರ ಒಪ್ಪಂದದಲ್ಲಿ ಬಂದ ಈ ಗೆರೆ ದಾಟಿದ ತಂಡ ವಿನಿಮಯದಲ್ಲಿ ಇಬ್ಬರ ಸಂಬಳವನ್ನು ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ನಗದು ಕೊಡುವಂತಿಲ್ಲ, ಅದರ ಏಳು ವರ್ಷದಾಚೆಯ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯೂ ಸ್ತಂಭಿಸುತ್ತದೆ. ಇದು ಸಿರಿವಂತರನ್ನೂ ಕಟ್ಟಿಹಾಕಿದೆ ಎಂಬುದನ್ನು ಒಪ್ಪಬೇಕು: 2024ರ ಚಾಂಪಿಯನ್ ಬಾಸ್ಟನ್ ಒಂದೇ ವರ್ಷದಲ್ಲಿ ಜ್ರೂ ಹಾಲಿಡೇ, ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಇಬ್ಬರನ್ನೂ ಬಿಟ್ಟುಕೊಟ್ಟಿತು. ಆದರೆ ಮಿನ್ನೆಸೋಟ ತಾನೇ ಬೆಳೆಸಿ ಸೂಪರ್‌ಮ್ಯಾಕ್ಸ್ ಕೊಟ್ಟಿದ್ದ ಕಾರ್ಲ್-ಆಂಥನಿ ಟೌನ್ಸ್ ಅವರನ್ನು ಅದೇ 2024ರಲ್ಲಿ ನ್ಯೂಯಾರ್ಕಿಗೆ ಕಳುಹಿಸಿತು. ಸ್ವಂತವಾಗಿ ಬೆಳೆಸಿದ ಆಟಗಾರನ ಹೆಚ್ಚುವರಿ ಸಂಬಳದ ಒಂದು ಪಾಲನ್ನಾದರೂ ಈ ಗೆರೆಗಳ ಲೆಕ್ಕದಿಂದ ಹೊರಗಿಡದ ಹೊರತು, ತಾರೆಯನ್ನು ಉಳಿಸಿಕೊಂಡ ಊರು ಅವನ ಜೊತೆಗಾರರನ್ನು ಕಳೆದುಕೊಳ್ಳುತ್ತಲೇ ಇರುತ್ತದೆ.

ಒಕ್ಲಹೋಮಕ್ಕೆ ಇದು ಹಳೆಯ ಪಾಠ. 2012ರಲ್ಲಿ ಫೈನಲ್ ಆಡಿದ ಕೆಲವೇ ತಿಂಗಳಲ್ಲಿ, ಬಿಗಿಯಾಗಲಿದ್ದ ತೆರಿಗೆಗೆ ಹೆದರಿ, ಅದು 23 ವರ್ಷದ ಜೇಮ್ಸ್ ಹಾರ್ಡನ್ ಅವರನ್ನು ಹ್ಯೂಸ್ಟನ್ನಿಗೆ ಕೊಟ್ಟಿತ್ತು. ಡ್ಯುರಾಂಟ್, ರಸೆಲ್ ವೆಸ್ಟ್‌ಬ್ರೂಕ್, ಹಾರ್ಡನ್ ಮೂವರೂ ಮುಂದೆ ಅತ್ಯಮೂಲ್ಯ ಆಟಗಾರರಾದರು. ಮೂವರೂ ಒಟ್ಟಿಗಿದ್ದು ಆ ಊರಿಗೆ ಒಂದು ಪ್ರಶಸ್ತಿಯನ್ನೂ ತರಲಾಗಲಿಲ್ಲ. 2025ರ ಜುಲೈನಲ್ಲಿ ತಂಡ ಮತ್ತೆ ಮೂವರಿಗೆ ಕರಾರು ಬರೆದಿದೆ: ಗಿಲ್ಜಿಯಸ್-ಅಲೆಕ್ಸಾಂಡರ್ ಅವರಿಗೆ ನಾಲ್ಕು ವರ್ಷಕ್ಕೆ 28 ಕೋಟಿ 50 ಲಕ್ಷ, ವಿಲಿಯಮ್ಸ್‌ಗೆ ಐದು ವರ್ಷಕ್ಕೆ 28 ಕೋಟಿ 70 ಲಕ್ಷದವರೆಗೆ, ಚೆಟ್ ಹೋಮ್‌ಗ್ರೆನ್‌ಗೆ 25 ಕೋಟಿಯವರೆಗೆ. ಹೊಸ ಆಟಗಾರರ ಕಡಿಮೆ ಸಂಬಳದ ಕರಾರುಗಳಿಂದ ಗೆದ್ದ ತಂಡಕ್ಕೆ ಆ ಅಗ್ಗದ ಕಾಲ 2026–27ರಿಂದ ಮುಗಿಯುತ್ತದೆ. ಯಾವ ತಂಡವೂ ಡ್ರಾಫ್ಟಿನಲ್ಲಿ ಆರಿಸದಿದ್ದಾಗ 2019ರಲ್ಲಿ ಅಲ್ಲಿಗೆ ಬಂದು, ಎದುರಾಳಿಯ ಅತ್ಯುತ್ತಮ ಆಟಗಾರನನ್ನು ತಡೆಯುವ ಕೆಲಸವನ್ನು ಹೊತ್ತ ಲೂ ಡಾರ್ಟ್ ಅವರನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂಬ ಆಯ್ಕೆಯನ್ನು ಅವರ ಕರಾರು ತಂಡದ ಕೈಗೆ ಕೊಟ್ಟಿರುವುದೂ ಅದೇ ಋತುವಿಗೆ.